ರಾಜನ ತಪ್ಪು

"ಗುರುಗಳೇ, ಒಬ್ಬನ ಬಾಳು ಕುಸಿದು ಬಿತ್ತೆಂದರೆ ಅದಕ್ಕೆ ಅವನದೇ ಒಂದು ತಪ್ಪು ಕಾರಣವಾಗಿರಲೇಬೇಕಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನ ಹೈಸ್ಕೂಲಿನಲ್ಲಿ ಒಬ್ಬ ಮಾಸ್ತರರಿದ್ದರು. ಹತ್ತನೆಯ ತರಗತಿಗೆ ಪ್ರತಿ ವರ್ಷವೂ ಒಂದು ಹಳೆಯ ದುರಂತ ನಾಟಕವನ್ನು ಪಾಠ ಮಾಡುತ್ತಿದ್ದರು. ಅದರಲ್ಲಿ ಒಬ್ಬ ಮುದಿ ರಾಜ. ಮುನಿಸಿಕೊಂಡು ಹೊಳೆಯಾಚೆ ಹೋಗಿ ನೆಲೆಸಿದ ತಮ್ಮನೊಡನೆ ರಾಜಿಯಾಗಬೇಕೆಂದು ಅವನಿಗೆ ಹಂಬಲ. ಹೊಳೆ ತುಂಬಿದೆ, ಇಂದು ಬೇಡ ಎಂದು ಅಂಬಿಗ ಹೇಳುತ್ತಾನೆ. ರಾಜ ಕೇಳುವುದಿಲ್ಲ. ತನ್ನ ಒಬ್ಬನೇ ಮಗನನ್ನು ದೋಣಿ ಹತ್ತಿಸುತ್ತಾನೆ. ದೋಣಿ ಮಗುಚಿ ಮಗ ಮುಳುಗುತ್ತಾನೆ. ಸುದ್ದಿ ತಿಳಿದ ರಾಜ ಅದೇ ಹೊಳೆಗೆ ಇಳಿದು ಪ್ರಾಣ ಬಿಡುತ್ತಾನೆ. ತೆರೆ ಬೀಳುತ್ತದೆ.

ಮೊದಮೊದಲು ಮಾಸ್ತರರು ಕೊನೆಯ ಅಂಕವನ್ನು ಗಟ್ಟಿಯಾಗಿ ಓದಿ ಪುಸ್ತಕ ಮುಚ್ಚಿಬಿಡುತ್ತಿದ್ದರು. ಮಕ್ಕಳು ಸದ್ದಿಲ್ಲದೆ ಎದ್ದು ಹೋಗುತ್ತಿದ್ದರು. ಆದರೆ ಪರೀಕ್ಷೆಯಲ್ಲಿ ವರ್ಷ ವರ್ಷವೂ ಒಂದೇ ಪ್ರಶ್ನೆ ಬರತೊಡಗಿತು: ರಾಜನ ಪತನಕ್ಕೆ ಕಾರಣವಾದ ತಪ್ಪು ಯಾವುದು? ಇವರ ತರಗತಿಯ ಮಕ್ಕಳು ತಡವರಿಸಿದರು. ಹೆಡ್‌ಮಾಸ್ತರರು ಕರೆದು ಗದರಿದರು. ಆಮೇಲೆ ಮಾಸ್ತರರು ಪಾಠದ ರೀತಿಯನ್ನು ಬದಲಿಸಿದರು.

"ತಪ್ಪಿಲ್ಲದೆ ಯಾರೂ ಬೀಳುವುದಿಲ್ಲ. ಆ ತಪ್ಪನ್ನು ಹಿಡಿಯಿರಿ, ನಾಟಕವೆಲ್ಲ ಅರ್ಥವಾಗುತ್ತದೆ" ಎಂದರು.

ಮಕ್ಕಳಿಗೆ ಇದು ಹಿಡಿಸಿತು. ಅಡಗಿ ಕುಳಿತ ಕಳ್ಳನನ್ನು ಹುಡುಕುವವರಂತೆ ಹುಡುಕಿದರು. ಅಂಬಿಗನ ಮಾತು ಕೇಳಬೇಕಿತ್ತು ಎಂದ ಒಬ್ಬ. ಮಗನ ಬದಲು ತಾನೇ ಹೋಗಬಹುದಿತ್ತು ಎಂದಳು ಇನ್ನೊಬ್ಬಳು. ಮಾಸ್ತರರು ಹಲಗೆಯ ಮೇಲೆ 'ಆತುರ' ಎಂದು ಬರೆದು ಕೆಳಗೆ ಗೆರೆ ಎಳೆದರು. ಒಂದು ದಿನ ತಡೆದಿದ್ದರೆ ಮಗ ಉಳಿಯುತ್ತಿದ್ದ ಎಂದರು.

ಆ ತರಗತಿಯಲ್ಲಿ ಸಾವಂತ್ರಿ ಎಂಬ ಹುಡುಗಿಯಿದ್ದಳು. ತಂದೆಯಿಲ್ಲದ ಮಗಳು. ಅವಳ ಮನೆ ರೈಲು ಹಳಿಯ ಪಕ್ಕದಲ್ಲಿತ್ತು. ಹಿಂದಿನ ವರ್ಷ ಮನೆಗೆ ನೆಂಟರು ಬಂದಾಗ ತಾಯಿ ಅವಳ ಅಣ್ಣ ಈರಣ್ಣನನ್ನು ಹಳಿಯಾಚೆಯ ಅಂಗಡಿಗೆ ಸಕ್ಕರೆ ತರಲು ಕಳಿಸಿದ್ದಳು. ನೆಂಟರು ಕಾಯುತ್ತಿದ್ದಾರೆ, ಓಡಿ ಹೋಗಿ ಬಾ ಎಂದಿದ್ದಳು. ಅವನು ಓಡಿದ. ಬರುತ್ತಿದ್ದ ರೈಲನ್ನು ನೋಡಲಿಲ್ಲ.

ಆಮೇಲೆ ಆ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದರು. ಒಬ್ಬಳು ಅತ್ತರೆ ಇನ್ನೊಬ್ಬಳು ಎದ್ದು ನೀರು ಕೊಡುತ್ತಿದ್ದಳು. ಹೇಗೋ ದಿನ ಸಾಗುತ್ತಿತ್ತು.

ಪಾಠ ಕೇಳಿದ ಸಂಜೆ ಸಾವಂತ್ರಿ ಹೆಗಲಿನ ಚೀಲ ಇಳಿಸುವ ಮೊದಲೇ ತಾಯಿಯನ್ನು ಕೇಳಿದಳು: "ಅವ್ವಾ, ಅವತ್ತು ಅಷ್ಟು ಅವಸರ ಯಾಕ ಮಾಡಿದಿ? ಸಕ್ಕರಿ ಇಲ್ಲದಿದ್ರ ಏನಾಗ್ತಿತ್ತು?"

ತಾಯಿ ರೊಟ್ಟಿ ಬಡಿಯುತ್ತಿದ್ದಳು. ಒಲೆಗೆ ನೀರು ಚಿಮುಕಿಸಿ, ಕೈ ತೊಳೆದು, ಒಳಗೆ ಹೋಗಿ ಮಲಗಿದಳು. ಮಾರನೆಯ ದಿನ ಏಳಲಿಲ್ಲ. ಅನ್ನ ಮುಟ್ಟಲಿಲ್ಲ. ಮಗಳು ಕಾಲು ಹಿಡಿದು, ಮಗನನ್ನು ಕಳೆದುಕೊಂಡ ರಾಜನ ಪಾಠ ಕೇಳಿ ಹಾಗೆ ಅಂದೆನೆಂದು ಅತ್ತಳು. ತಾಯಿ ಅವಳ ತಲೆ ಸವರಿದಳು.

ಹುಡುಗಿ ಶಾಲೆಗೆ ಬಾರದ್ದನ್ನು ಕಂಡು ಮಾಸ್ತರರು ಮನೆ ಹುಡುಕಿಕೊಂಡು ಬಂದರು. ನಡೆದದ್ದನ್ನು ಸಾವಂತ್ರಿ ಹೊಸ್ತಿಲಲ್ಲೇ ನಿಂತು ಹೇಳಿದಳು. ಮಾಸ್ತರರು ಒಳಗೆ ಹೋಗಿ ಹಾಸಿಗೆಯ ಪಕ್ಕದಲ್ಲಿ ಕುಳಿತರು.

"ತಾಯಿ, ಅದು ಬರೀ ನಾಟಕ. ಮಕ್ಕಳ ಪಾಠ. ನಿಮ್ಮದೇನೂ ತಪ್ಪಿಲ್ಲ" ಎಂದರು.

ಆಕೆ ಕಣ್ಣು ತೆರೆದಳು. "ಆ ರಾಜ ಆಮೇಲೆ ಏನ್ ಮಾಡಿದ, ಸರ?" ಎಂದು ಕೇಳಿದಳು.

ಮಾಸ್ತರರಿಗೆ ಆ ಅಂಕವೆಲ್ಲ ಬಾಯಿಪಾಠವಾಗಿತ್ತು. ಆದರೂ, "ನಾಟಕ ಅಲ್ಲಿಗೇ ಮುಗಿಯುತ್ತದೆ, ತಾಯಿ" ಎಂದರು.

"ಪುಣ್ಯವಂತ" ಎಂದು ಆಕೆ ಗೋಡೆಯ ಕಡೆ ಹೊರಳಿದಳು.

ಮರುದಿನ ತರಗತಿಯಲ್ಲಿ ಒಬ್ಬ ಹುಡುಗ ಉತ್ಸಾಹದಿಂದ ಎದ್ದು, ರಾಜನ ಇನ್ನೊಂದು ತಪ್ಪು ಸಿಕ್ಕಿದೆ ಎಂದ. ಮಾಸ್ತರರು ಅವನನ್ನು ಕೂರಿಸಿ ಕೊನೆಯ ಅಂಕವನ್ನು ತೆರೆದು ಓದತೊಡಗಿದರು. ದೂತ ಸುದ್ದಿ ತರುವಲ್ಲಿಗೆ ಬಂದಾಗ ಅವರ ದನಿ ನಿಂತುಹೋಯಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಗಂಟೆ ಹೊಡೆಯುವವರೆಗೂ ಅವರು ಹಾಗೆಯೇ ಪುಸ್ತಕ ಹಿಡಿದು ನಿಂತಿದ್ದರು. ಆ ನಾಟಕವನ್ನು ಅವರು ಮತ್ತೆಂದೂ ಪಾಠ ಮಾಡಲಿಲ್ಲ.

ಸಾವಂತ್ರಿ ಆ ವರ್ಷ ಪರೀಕ್ಷೆಗೆ ಕೂರಲಿಲ್ಲ. ಉಳಿದ ಮಕ್ಕಳೆಲ್ಲ ಆ ಪ್ರಶ್ನೆಗೆ ಸರಿಯಾದ ಉತ್ತರ ಬರೆದು ಪಾಸಾದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಗಾದರೆ ಗುರುಗಳೇ, ಇದರಲ್ಲಿ ತಪ್ಪು ಯಾರದು? ಮಾಸ್ತರರದೋ, ಮಗಳದೋ?"

ಗುರುಗಳು ಅವನನ್ನು ನೋಡಿ ಹೇಳಿದರು: "ಆ ತಾಯಿ ಮತ್ತೆ ಅನ್ನ ಮುಟ್ಟಿದಳೇ ಎಂದು ನೀನು ಕೇಳಲಿಲ್ಲ."