ಹತ್ತು ನಿಮಿಷದ ಉತ್ತರ

ಆಸ್ಪತ್ರೆಯೊಂದರ ಕಂಪ್ಯೂಟರಿನಲ್ಲಿ ಒಂದು ಕ್ಯಾಶ್ ಮೆಮೊರಿ ಇತ್ತು. ಒಳಗಿನ ಡೇಟಾಬೇಸನ್ನು ಒಮ್ಮೆ ಕೇಳಿ ತಂದ ಉತ್ತರವನ್ನು ಪಕ್ಕದಲ್ಲೇ ಇಟ್ಟುಕೊಂಡು, ಕೇಳಿದವರಿಗೆ ಥಟ್ಟನೆ ಕೊಡುವುದು ಅದರ ಕೆಲಸ. ಆ ವೇಗದ ಬಗ್ಗೆ ಅದಕ್ಕೆ ಭಾರೀ ಜಂಬ.

ಅಜ್ಜಿಯೊಬ್ಬರನ್ನು ಹೊತ್ತು ಬರುತ್ತಿದ್ದ ಆಂಬುಲೆನ್ಸಿನಿಂದ ಪ್ರಶ್ನೆ ಬಂತು: "ಐಸಿಯು ಹಾಸಿಗೆ ಇದೆಯೇ?"

ಮೆಮೊರಿ "ಒಂದು ಖಾಲಿ ಇದೆ" ಎಂಬ ಹಳೆಯ ಉತ್ತರವನ್ನು ಎತ್ತಿಕೊಂಡಿತು.

"ಬಿಡು ನನ್ನನ್ನು!" ಎಂದು ಉತ್ತರ ಕಿರುಚಿತು. "ನನ್ನ ಅವಧಿ ಹತ್ತೇ ನಿಮಿಷ. ಅದು ಮುಗಿದು ಅರ್ಧ ಗಂಟೆಯಾಯಿತು. ಒಳಗೆ ಹೋಗಿ ಹೊಸದಾಗಿ ಕೇಳಿಕೊಂಡು ಬಾ."

"ಆಗ ನಿಜವಾಗಿದ್ದೆಯಲ್ಲ, ಸಾಕು. ಕಾಯಿಸಿದರೆ ನನ್ನ ಮರ್ಯಾದೆ ಏನಾಗಬೇಕು?" ಎಂದು ಮೆಮೊರಿ ಅದನ್ನೇ ಕಳಿಸಿತು.

ಆಂಬುಲೆನ್ಸ್ ಬಂದಾಗ ಹಾಸಿಗೆ ಭರ್ತಿಯಾಗಿತ್ತು. ಡ್ರೈವರ್ ಫಕೀರಪ್ಪ ಕೌಂಟರ್ ಗುದ್ದಿದ: "ದಾರ್ಯಾಗ ಎರಡು ಆಸ್ಪತ್ರಿ ಬಿಟ್ಟು ಬಂದೀನಿ! ಇಲ್ಲ ಅಂದಿದ್ರ ಅಲ್ಲೇ ಸೇರಸ್ತಿದ್ದೆ. ಅಜ್ಜಿ ಉಸಿರು ನಿಂತೈತಿ ನೋಡ್ರಿ!"

"ನಾನಂತೂ ತಡ ಮಾಡಲಿಲ್ಲ" ಎಂದಿತು ಮೆಮೊರಿ.

ಅಷ್ಟರಲ್ಲಿ ಇನ್ನೊಂದು ಆಂಬುಲೆನ್ಸ್ ಅದೇ ಪ್ರಶ್ನೆ ಕೇಳಿತು. ಮೆಮೊರಿ ಮತ್ತೆ ಅದೇ ಉತ್ತರಕ್ಕೆ ಕೈ ಹಾಕಿತು.

"ಇನ್ನೊಂದು ಹೆಣಕ್ಕೆ ನಾನು ಕಾರಣವಾಗಲಾರೆ!" ಎಂದು ಉತ್ತರ ತನ್ನನ್ನು ತಾನೇ ಅಳಿಸಿಕೊಂಡಿತು.

ಕೊಡಲು ಏನೂ ಉಳಿಯದೆ ಮೆಮೊರಿ ಗೊಣಗುತ್ತಾ ಒಳಗೆ ಹೋಯಿತು. ಹೋಗಿ, ಕೇಳಿ, ಬರಲು ಅದಕ್ಕೆ ಹಿಡಿದದ್ದು ಅರ್ಧ ಸೆಕೆಂಡು.