ಗೋಡೆಯಾಚೆಯ ತುಂಬೆ ಗಿಡ

ಹತ್ತಿರ ಬನ್ನಿ ಮಕ್ಕಳೇ, ಗಲಾಟೆ ಸಾಕು. ಒಂದು ಸೀಮೆಯಲ್ಲಿ ಒಬ್ಬ ರಾಜನಿದ್ದ. ಅವನ ಮುದಿ ತಾಯಿಗೆ ಒಂದೇ ಆಸೆ. ಅರಮನೆ ತೋಟಕ್ಕೆ ಚಿಟ್ಟೆ ಬರಬೇಕು, ಹುಡುಗಿಯಾಗಿದ್ದಾಗ ನೋಡಿದ ಹಾಗೆ ಕಣ್ತುಂಬ ನೋಡಬೇಕು. ರಾಜ ತೋಟದ ಪಾರುಪತ್ತೇಗಾರ ಚಿಕ್ಕರುದ್ರಪ್ಪನಿಗೆ ಅಪ್ಪಣೆ ಮಾಡಿದ.

ಚಿಕ್ಕರುದ್ರಪ್ಪ ಅಂದರೆ ಸಾಮಾನ್ಯನೇ? ಮಣ್ಣು ಮುಟ್ಟಿದವನಲ್ಲ, ಮೀಸೆ ತಿರುವಿದವನು. ಹಡಗಿನಲ್ಲಿ ಕೆಂಪು ಹೂವಿನ ಗಿಡ ತರಿಸಿದ. ತಟ್ಟೆಯಗಲದ ಹೂವು, ಒಳಗೆ ತೊಟ್ಟು ಜೇನಿಲ್ಲ. ಚಿಟ್ಟೆ ಬರಲಿಲ್ಲ. ಹಳದಿ ಹೂವು ತರಿಸಿದ. ಬರಲಿಲ್ಲ. ನೀಲಿ ಹೂವು ತರಿಸಿದ. ಊಹೂಂ, ಒಂದು ನೊಣವೂ ಮೂಸಲಿಲ್ಲ.

ಆಗ ಅವನು ತಪ್ಪನ್ನೆಲ್ಲ ಕಳೆ ಕೀಳುವ ಚೌಡಮ್ಮನ ತಲೆಗೆ ಕಟ್ಟಿದ. ಇವಳು ಕಳೆ ಸರಿಯಾಗಿ ಕೀಳುವುದಿಲ್ಲ, ಅದಕ್ಕೇ ಚಿಟ್ಟೆ ಹೇಸುತ್ತವೆ ಅಂದ. ಹುಣ್ಣಿಮೆಯೊಳಗೆ ಚಿಟ್ಟೆ ಬರದಿದ್ದರೆ ಗುಡಿಸಲು ಖಾಲಿ ಮಾಡಬೇಕು ಅಂತ ತಾಕೀತೂ ಆಯಿತು. ಪಾಪ, ದಿಕ್ಕಿಲ್ಲದವಳು, ಎಲ್ಲಿಗೆ ಹೋದಾಳು? ಅಳುತ್ತಲೇ ತುಂಬೆ ಕಿತ್ತಳು, ಎಕ್ಕ ಕಿತ್ತಳು, ಉತ್ತರಾಣಿ ಕಿತ್ತಳು. ಮಂಕರಿಗೆ ತುಂಬಿಕೊಂಡು ಗೋಡೆಯಾಚೆ ಸುರಿಯಲು ಹೋದಳು.

ಹೋದವಳು ಹಾಗೇ ನಿಂತಳು. ಮಳೆಗಾಲದುದ್ದಕ್ಕೂ ತಾನು ಎಸೆದಿದ್ದ ಗಿಡಗಳು ಅಲ್ಲಿ ಬೇರು ಬಿಟ್ಟು ಹೂವಾಗಿದ್ದವು. ಅವುಗಳ ಮೇಲೆಲ್ಲ ಚಿಟ್ಟೆಗಳ ಸಂತೆ! ಚೌಡಮ್ಮ ಕೆಸರಲ್ಲೇ ಕೂತು ಆ ಗಿಡಗಳಿಗೆ ಕೈ ಮುಗಿದಳು. "ಕಿತ್ತೆಸೆದವಳ ಮೇಲೂ ನಿಮಗೆ ಸಿಟ್ಟಿಲ್ಲವಲ್ಲ, ತಾಯಂದಿರಾ" ಅಂದಳು.

ಓಡಿಹೋಗಿ ರಾಜಮಾತೆಯನ್ನು ಕೈಹಿಡಿದು ಕರೆತಂದಳು. ಹಿಂದೆ ರಾಜ, ಅವನ ಹಿಂದೆ ಏದುಸಿರು ಬಿಡುತ್ತ ಪಾರುಪತ್ತೇಗಾರ. ಚಿಟ್ಟೆ ಕಂಡದ್ದೇ ತಡ, ಇದನ್ನೆಲ್ಲ ನಾನೇ ಗುಟ್ಟಾಗಿ ಸಾಕಿ ಬೆಳೆಸಿದೆ ಅಂತ ಅವನು ಎದೆ ತಟ್ಟಿಕೊಂಡ. ನೋಡಿ ಧೈರ್ಯವ! ರಾಜ ಹೌದು ಹೌದು ಅಂತ ತಲೆದೂಗಿದ.

ಚೌಡಮ್ಮ ಜಗಳಕ್ಕೆ ನಿಲ್ಲಲಿಲ್ಲ. ತಲೆ ತಗ್ಗಿಸಿ ಕೇಳಿದಳು: "ಬುದ್ಧೀ, ನೀವು ಸಾಕಿದ ಎಕ್ಕದ ಗಿಡದಲ್ಲಿ ಪಟ್ಟೆಪಟ್ಟೆ ಹುಳ ಎಲೆ ತಿಂತಾವೆ. ಏನು ಮಾಡಲಿ?"

"ಅದನ್ನೂ ಕೇಳಬೇಕೇನೆ? ಒಂದೂ ಬಿಡದೆ ಹೊಸಕಿ ಹಾಕು" ಅಂದ ಚಿಕ್ಕರುದ್ರಪ್ಪ.

ರಾಜಮಾತೆಗೆ ನಗು ತಡೆಯಲಾಗಲಿಲ್ಲ. "ಆ ಹುಳಗಳೇ ಕಣಪ್ಪ ನಾಳೆ ಚಿಟ್ಟೆ ಆಗೋದು. ಸಾಕಿದವನಿಗೆ ಮರಿಯ ಗುರುತು ಸಿಗಲ್ವೇ?"

ಅವನ ಮುಖ ಸುಟ್ಟ ಬದನೆಕಾಯಿ. ಹಡಗಿನ ಗಿಡಗಳನ್ನೆಲ್ಲ ಅವನ ಕೈಯಲ್ಲೇ ಕೀಳಿಸಿದರು. ಚೌಡಮ್ಮನ ಗುಡಿಸಲು ಉಳಿಯಿತು, ಪಾರುಪತ್ಯವೂ ಅವಳಿಗೇ ಬಂತು. ರಾಜಮಾತೆ ಅವಳ ಮಣ್ಣುಗೈ ಹಿಡಿದು ಕಣ್ಣಿಗೊತ್ತಿಕೊಂಡು, ನಿನ್ನ ಋಣ ದೊಡ್ಡದು ಮಗಳೇ ಅಂತ ಅತ್ತೇಬಿಟ್ಟಳು.

ತಿಳೀತಲ್ಲ ಮಕ್ಕಳೇ? ನಮ್ಮ ಮಣ್ಣು ಕೇಳದೆ ಕೊಟ್ಟದ್ದನ್ನು ಕಳೆ ಅಂತ ಎಸೀಬೇಡಿ, ಮೊದಲು ಕೈ ಮುಗೀರಿ. ಇನ್ನೊಬ್ಬರ ದುಡಿಮೆಯನ್ನು ತನ್ನದು ಅನ್ನುವವನು ಎಷ್ಟೇ ಮೀಸೆ ತಿರುವಲಿ, ಒಂದು ಹುಳದ ಮುಂದೆ ಸಿಕ್ಕಿಬೀಳ್ತಾನೆ.