ಚಿನ್ನದ ಮರಳಿನ ಉಂಬಳಿ

“ಈ ಕಾಲು ತುಳಿಯದ ನೆಲ ಭೂಮಂಡಲದಲ್ಲೇ ಇಲ್ಲ, ಪ್ರಭು!” ಎಂದು ದೇಶಸಂಚಾರಿ ಚಿಂತೋಪಂತ ತುಂಬಿದ ಸಭೆಯಲ್ಲಿ ಎದೆ ತಟ್ಟಿಕೊಂಡ.

ಆಸ್ಥಾನದ ವಿದೂಷಕ ತಿಪ್ಪರಸ ಆ ಕಾಲನ್ನೇ ನೋಡಿದ. ಅಂಗಾಲು ಹಸುಗೂಸಿನದರಂತೆ ಮೆತ್ತಗಿತ್ತು.

ಮಾಧವಸ್ವಾಮಿಯ ಕೃಪೆಯಿಂದ ಹಿರೇಕೋಟೆಯ ಕಸ್ತೂರಿನಾಯಕನಿಗೆ ಎಲ್ಲವೂ ಇತ್ತು. ರಾಜ್ಯ ಮಾತ್ರ ಕೊಂಚ ಚಿಕ್ಕದು. ಕೋಟೆಯ ಮೇಲೆ ಕಹಳೆ ಊದಿದರೆ ಗಡಿಯಾಚೆಯವರೂ ಎದ್ದು ಕೂರುತ್ತಿದ್ದರು.

ಪಂತ ತಾನು ಬರೆದ ದೇಶವೃತ್ತಾಂತ ಓದಿದ. “ಪಡುವಲಲ್ಲಿ ಕಿವಿಯನ್ನೇ ಹೊದ್ದು ಮಲಗುವ ಜನ. ಅದರಾಚೆ ಚಿನ್ನದ ಮರಳಿನ ಹೇಮಪುರಿ. ಅದರಾಚೆ ಸಮುದ್ರ. ಅಲ್ಲಿಯವರೆಗೂ ಕಸ್ತೂರಿನಾಯಕರದೇ ರಾಜ್ಯ!”

ನಾಯಕ ಉಬ್ಬಿಹೋದ. “ಏನು ಬೇಕು ಕೇಳಿ ಪಂತರೇ!”

“ಮಾಧವಸ್ವಾಮಿಯ ಹೂದೋಟ ನನಗೆ ಉಂಬಳಿಯಾಗಲಿ.”

“ಆಗಲಿ!”

ಆ ತೋಟದ ತುಳಸಿಯಿಲ್ಲದೆ ಸ್ವಾಮಿಗೆ ಬೆಳಗಿನ ಮಾಲೆಯಿಲ್ಲ. ತಿಪ್ಪರಸ ಕಣ್ಣು ಮುಚ್ಚಿ ಸ್ವಾಮಿಯನ್ನು ನೆನೆದು ಎದ್ದು ನಿಂತ.

“ಪ್ರಭು, ಸಮುದ್ರದವರೆಗೆ ಆಳುವವರು ಅಂಗೈಯಗಲದ ತೋಟ ಕೊಡುವುದೇ? ನೋಡಿದವರು ನಗುತ್ತಾರೆ. ಹೇಮಪುರಿಯನ್ನೇ ಕೊಟ್ಟುಬಿಡಿ.”

“ಭೇಷ್! ಕೊಟ್ಟೆ!”

ಪಂತನ ಮುಖ ಬಿಳಿಚಿತು. “ನನಗೆ... ತೋಟವೇ ಸಾಕಿತ್ತು.”

“ಸಂಕೋಚ ಪಡಬೇಡಿ,” ಎಂದ ತಿಪ್ಪರಸ. “ಆದರೆ ನಮ್ಮಲ್ಲೊಂದು ಪದ್ಧತಿಯಿದೆ. ಉಂಬಳಿ ಪಡೆದವರು ಎಲ್ಲೆಕಲ್ಲನ್ನು ತಾವೇ ಹೊತ್ತೊಯ್ದು ನೆಡಬೇಕು.” ಭಟರು ವಾಮನನ ಮುದ್ರೆ ಕೆತ್ತಿದ ಎಲ್ಲೆಕಲ್ಲನ್ನು ತಂದು ಪಂತನ ತಲೆಯ ಮೇಲಿಟ್ಟರು. “ದಾರಿ ತಪ್ಪಿದರೆ ಕಿವಿ ಹೊದ್ದವರನ್ನು ಕೇಳಿ. ಪಿಸುಗುಟ್ಟಿದರೂ ಅವರಿಗೆ ಕೇಳಿಸುತ್ತದೆ.”

ಪಂತ ಕಲ್ಲುಸಮೇತ ಕುಸಿದ. “ತಪ್ಪಾಯಿತು ಸ್ವಾಮೀ! ನಾನು ಛತ್ರ ಬಿಟ್ಟು ಆಚೆ ಹೋದವನಲ್ಲ. ಊಟವಾದ ಮೇಲೆ ದಾರಿಹೋಕರು ಹರಟಿದ್ದನ್ನು ಬರೆದುಕೊಂಡೆ!”

“ಹೆದರುತ್ತೀರೇಕೆ?” ಎಂದ ತಿಪ್ಪರಸ. “ನೋಡದ ಊರನ್ನು ಬರೆದವರಿಗೆ ಬರೆದ ಊರನ್ನು ನೋಡುವುದೇನು ಮಹಾ ಕಷ್ಟ?”

ಈಗ ನಾಯಕನ ಮುಖ ಸಣ್ಣಗಾಯಿತು. “ಹಾಗಾದರೆ ತಿಪ್ಪರಸಾ... ಸಮುದ್ರದವರೆಗಿನ ನನ್ನ ರಾಜ್ಯ?”

“ಪುಸ್ತಕದಲ್ಲಿ ಭದ್ರವಾಗಿದೆ ಪ್ರಭು. ಯಾವ ಶತ್ರುವೂ ಅದರ ಮೇಲೆ ದಂಡೆತ್ತಿ ಬರಲಾರ.”

ನಾಯಕ ಒಂದು ಗಳಿಗೆ ದುರುಗುಟ್ಟಿ ನೋಡಿದ; ಆಮೇಲೆ ಪೇಟ ಜಾರುವಷ್ಟು ನಕ್ಕ. ಕೊರಳ ಹಾರ ತೆಗೆದು ತಿಪ್ಪರಸನಿಗೆ ಹಾಕಿದ. ತೋಟವನ್ನು ಸ್ವಾಮಿಗೇ ಉಳಿಸಿ, ಎಲ್ಲೆಕಲ್ಲನ್ನು ಪಂತನಿಂದಲೇ ಅಲ್ಲಿಗೆ ಹೊರಿಸಿ ನೆಡಿಸಿದ.

ಹೂದೋಟ ಅರಮನೆಯ ಹಿಂದೆಯೇ ಇತ್ತು. ಮಾಧವಸ್ವಾಮಿ ಅವನನ್ನು ಕ್ಷಮಿಸಲಿ, ಭೂಮಂಡಲ ಸುತ್ತಿದ ಆ ಕಾಲಿಗೆ ಅಷ್ಟರಲ್ಲೇ ಬೊಬ್ಬೆ ಬಂದಿತ್ತು.